ಪಾಂಡವಪುರದಲ್ಲಿ ಬಿದ್ದ ಗೋಲು

ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕಳ್ಳತನವನ್ನೇನೂ ಮಾಡುತ್ತಿರಲಿಲ್ಲ. ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದೆ, ಅದೂ ಮಿಡ್‌ಫೀಲ್ಡರ್ ಆಗಿ. ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆ ಕಡೆಯ ಒಂದು ಬೇಸಾಯದ ಮನೆಯಲ್ಲಿ ಇದನ್ನು ಬಿಡಿಸಿ ಹೇಳುವುದು ಸುಲಭವಿರಲಿಲ್ಲ. ಅಮ್ಮ ‘ಫ್ಯಾಕ್ಟ್ರೀಲವ್ನೆ’ ಎಂದು ಮಾತು ಮುಗಿಸುತ್ತಿದ್ದಳು. ಅಪ್ಪನಿಗೆ ಸುಳ್ಳು ಬಾರದು. ‘ಚೆಂಡಾಡ್ತಾನೆ’ ಎಂದೇಬಿಡುತ್ತಿದ್ದ. ಕೇಳಿದವರು ನಗುತ್ತಿದ್ದರು. ನಾನು ಅಲ್ಲೇ ಇದ್ದರೆ ಎದ್ದು ಕೊಟ್ಟಿಗೆ ಕಡೆ ಹೋಗುತ್ತಿದ್ದೆ, ದನಕ್ಕೆ ಹುಲ್ಲು ಹಾಕುವ ನೆಪದಲ್ಲಿ.

ನಮ್ಮೂರು ಸಿಂಧಘಟ್ಟದ ಪಕ್ಕ. ಅಲ್ಲಿ ಕಬಡ್ಡಿ ಇತ್ತು, ವಾಲಿಬಾಲ್ ಇತ್ತು, ಫುಟ್‌ಬಾಲ್ ಯಾರೂ ಆಡುತ್ತಿರಲಿಲ್ಲ. ಅದು ನನಗೆ ಅಂಟಿದ್ದು ಶ್ರೀರಂಗಪಟ್ಟಣದಲ್ಲಿ. ಹೈಸ್ಕೂಲಿಗೆಂದು ನನ್ನನ್ನು ಅಲ್ಲಿನ ಗಂಜಾಂನಲ್ಲಿದ್ದ ಅಪ್ಪನ ತಂಗಿಯ ಮನೆಯಲ್ಲಿ ಬಿಟ್ಟಿದ್ದರು. ಸಾಯಂಕಾಲ ಕೋಟೆ ಗೋಡೆಯ ಪಕ್ಕದ ಬಯಲಿನಲ್ಲಿ ಪೇಟೆಯ ಹುಡುಗರು ಆಡುತ್ತಿದ್ದರು, ಅರ್ಧ ಕನ್ನಡ, ಅರ್ಧ ಉರ್ದು. ‘ಇಧರ್ ದೇ ರೇ’ ಎಂದು ಕಿರುಚುವವರ ನಡುವೆ ನಾನೊಬ್ಬ ಕುಳ್ಳ ಹಳ್ಳಿಯವನು. ಮಧ್ಯದಲ್ಲಿ ನಿಲ್ಲಲು ಯಾರಿಗೂ ಇಷ್ಟವಿರಲಿಲ್ಲ, ಏಕೆಂದರೆ ಅಲ್ಲಿ ಮುಂದಕ್ಕೂ ಓಡಬೇಕು, ಹಿಂದಕ್ಕೂ ಓಡಬೇಕು, ಗೋಲು ಹೊಡೆಯುವ ಸುಖ ಮಾತ್ರ ಮುಂದಿನವರಿಗೆ. ಹೊಸಬನೆಂದು ನನ್ನನ್ನು ಅಲ್ಲಿ ನಿಲ್ಲಿಸಿದರು. ನನಗೆ ಅದೇ ಹಿಡಿಸಿತು. ಚೆಂಡು ನನ್ನ ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ಗೊತ್ತಿರುತ್ತಿತ್ತು. ಅದು ಹೇಗೆ ಗೊತ್ತಾಗುತ್ತಿತ್ತೆಂದು ಕೇಳಿದರೆ ಈಗಲೂ ಹೇಳಲಾರೆ.

ಅಲ್ಲಿಂದ ಮೈಸೂರಿನ ಒಂದು ಕ್ಲಬ್ಬು, ಅಲ್ಲಿಂದ ಬೆಂಗಳೂರಿನ ಕಾರ್ಖಾನೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಕ್ಯಾಂಟೀನಿನ ಊಟ, ಸಂಜೆ ಮತ್ತೆ ಅಭ್ಯಾಸ. ಟೂರ್ನಿಗಳಿಗೆಂದು ರೈಲಿನಲ್ಲಿ ಕೇರಳಕ್ಕೆ, ಗೋವಾಕ್ಕೆ, ಕಲ್ಕತ್ತೆಗೆ ಹೋಗಿ ಬಂದೆ. ದೊಡ್ಡ ದೊಡ್ಡ ಮೈದಾನಗಳಲ್ಲಿ, ನಮ್ಮ ತಾಲ್ಲೂಕಿನಷ್ಟು ಜನರ ಎದುರು ಆಡಿದೆ. ಚೆನ್ನಾಗಿಯೇ ಆಡಿದೆ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ನಮ್ಮವನಿಗೆ ಕೊಡುವುದು ನನ್ನ ಕೆಲಸ. ಅವನು ಇನ್ನೊಬ್ಬನಿಗೆ ಕೊಡುತ್ತಿದ್ದ. ಆ ಇನ್ನೊಬ್ಬ ಹೊಡೆಯುತ್ತಿದ್ದ. ನಾನೇ ಹೊಡೆದ ಗೋಲುಗಳನ್ನು ಒಂದು ಕೈ ಬೆರಳು ಮಡಿಸುವುದರೊಳಗೆ ಹೇಳಿ ಮುಗಿಸಬಹುದು. ಕೊನೆಗೆ ಆ ದಶಕ ಮುಗಿಯುವ ಹೊತ್ತಿಗೆ ಹಿಮ್ಮಡಿ ಕೈಕೊಟ್ಟು ಆಟ ಬಿಟ್ಟು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೂತಾಗಲೂ ಯಾವ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ.

ಅಪ್ಪನಿಗೆ ಪತ್ರಿಕೆಯದೇ ಚಿಂತೆ. ಕೆ.ಆರ್. ಪೇಟೆಗೆ ಹೋದಾಗಲೆಲ್ಲ ಕ್ಷೌರದಂಗಡಿಯಲ್ಲಿ ಕೂತು ಆಟದ ಪುಟ ತೆಗೆಸಿ, ಕನ್ನಡಕ ಏರಿಸಿ, ಮೇಲಿನಿಂದ ಕೆಳಗೆ ಬೆರಳು ಇಟ್ಟುಕೊಂಡು ಓದುತ್ತಿದ್ದನಂತೆ. ನಾನು ರಜೆಗೆ ಬಂದಾಗ ವಿಚಾರಣೆ.

“ನಿಮ್ ತಂಡ ಗೆದ್ದೈತೆ ಅಂತ ಬಂದೈತೆ. ಗೋಲ್ ಒಡೆದೋರ್ ಎಸ್ರೂ ಬಂದೈತೆ. ನಿನ್ನೆಸ್ರು ಎಲ್ಲೈತ್ಲಾ?”

“ನಾನು ಗೋಲ್ ಒಡೆಯೋನಲ್ಲ ಕಣಪ್ಪ.”

“ಮತ್ತೆ ಸಂಬ್ಳ ಯಾಕ್ ಕೊಡ್ತಾರೆ?”

ಒಂದು ಸಲ ಗದ್ದೆಯ ಬದುವಿನ ಮೇಲೆ ನಿಂತಿದ್ದಾಗ ವಿವರಿಸಲು ನೋಡಿದೆ. “ನಾಲೆ ನೀರು ಬಂದಾಗ ನೀನು ಗುದ್ದಲಿ ಇಡ್ಕಂಡು ನಿಂತು, ಈಗ ಈ ಮಡಿಗೆ, ಈಗ ಆ ಮಡಿಗೆ ಅಂತ ತಿರುಗುಸ್ತೀಯಲ್ಲ, ಅಂಗೆ. ನಾನು ಚೆಂಡು ತಿರುಗ್ಸೋನು.”

ಅಪ್ಪ ಹರಿಯುತ್ತಿದ್ದ ನೀರಿನ ಕಡೆ ನೋಡಿದ. “ನೀರು ತಿರುಗ್ಸುದ್ರೆ ನನ್ ಗದ್ದೆ ಬೆಳೀತದೆ. ನಿನ್ ಗದ್ದೆ ಎಲ್ಲೈತೆ?”

ಸಿಟ್ಟು ಬಂತು, ಅಪ್ಪನ ಮೇಲಲ್ಲ, ಆಟದ ಮೇಲೆ. ಇಂಥ ಕಡೆ ಹುಟ್ಟಿ ಇಂಥದ್ದೊಂದು ಕೆಲಸವನ್ನು ಹುಡುಕಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಓಟಗಾರನಾಗಿದ್ದರೆ ಮೊದಲು ಬಂದೆ ಎನ್ನಬಹುದಿತ್ತು. ಕುಸ್ತಿಯವನಾಗಿದ್ದರೆ ಕೆಡವಿದೆ ಎನ್ನಬಹುದಿತ್ತು.

ಅಷ್ಟರಲ್ಲಿ ಹೆಣ್ಣು ನೋಡುವುದು ಶುರುವಾಯಿತು. ಎರಡು ಕಡೆ ಇದೇ ಕೆಲಸದ ಕಾರಣಕ್ಕೆ ಮಾತು ಮುರಿದುಬಿತ್ತು. ಮೂರನೆಯದು ನಾಗಮಂಗಲದ ಸಂಬಂಧ, ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದವರ ಮಗಳು. ನಾವು ಹೋಗಿ ನೋಡಿದೆವು. ಕಾಫಿ ಲೋಟ ಕೊಡುವಾಗ ಅವಳು ನನ್ನ ಮುಖ ನೋಡಲಿಲ್ಲ. ಪ್ಯಾಂಟಿನ ಕೆಳಗೆ ಇಣುಕುತ್ತಿದ್ದ ಕಣಕಾಲಿನ ಗಾಯದ ಗುರುತು ನೋಡಿದಳು. ನಾನು ಕಾಲು ಒಳಗೆಳೆದುಕೊಂಡೆ. ಅವಳ ತುಟಿಯಲ್ಲಿ ನಗು ಕಂಡಂತಾಯಿತು. ನನಗೆ ಆ ಕ್ಷಣಕ್ಕೇ ಅವಳು ಬೇಕು ಅನ್ನಿಸಿಬಿಟ್ಟಿತು, ಅದನ್ನು ಮುಚ್ಚಿಡುವುದೇಕೆ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ನನ್ನ ಮುಖವನ್ನೇ ಮತ್ತೆ ಮತ್ತೆ ನೋಡುತ್ತಿದ್ದ.

ನಮ್ಮ ಕಡೆ ಹೆಣ್ಣು ನೋಡಿದ ಮೇಲೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುತ್ತಾರೆ. ಬಾಯಲ್ಲಿ ಸಂಬಂಧ ಬೆಳೆಸುವ ಮಾತಾಡುತ್ತಲೇ ಕಣ್ಣಲ್ಲಿ ಎಲ್ಲವನ್ನೂ ಅಳೆಯುತ್ತಾರೆ. ಕೊಟ್ಟಿಗೆಯಲ್ಲಿ ಕರೆಯುವ ಹಸು ಎಷ್ಟು, ಪಂಪ್‌ಸೆಟ್ಟು ಹೇಗಿದೆ, ಹಿತ್ತಿಲಲ್ಲಿ ಸ್ನಾನದ ಮನೆಗೆ ಬಾಗಿಲಿದೆಯೇ ಇಲ್ಲವೇ. ಮಿಲ್ಲಿನ ಯಜಮಾನರು ಎಲ್ಲ ನೋಡಿ, ಕಬ್ಬಿನ ಗದ್ದೆಗೆ ಒಂದು ಸುತ್ತು ಹಾಕಿ, ಜಗಲಿಯ ಮೇಲೆ ಬಂದು ಕೂತರು. ಮುಖದಲ್ಲಿ ಒಪ್ಪಿಗೆ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ಫ್ಯಾಕ್ಟ್ರೀಲಿ ಯಾವ್ ಸೆಕ್ಷನ್ನಪ್ಪಾ?”

“ಸ್ಪೋರ್ಟ್ಸು ಸಾರ್.”

“ಅಂದ್ರೆ ಮೆಷಿನ್ ಮುಂದೆ ನಿಲ್ಲಾಕಿಲ್ಲ.”

“ಇಲ್ಲ ಸಾರ್. ಫುಟ್‌ಬಾಲ್.”

ಅವರು ತಲೆಯಾಡಿಸಿದರು. “ನೋಡಪ್ಪಾ, ನಂದು ಮಿಲ್ಲು. ಮೇಲೆ ರಾಗಿ ಸುರುದ್ರೆ ಕೆಳುಕ್ಕೆ ಇಟ್ಟು ಬೀಳ್ಬೇಕು. ಬಿತ್ತೋ ಇಲ್ವೋ ಯಾರ್ ಬೇಕಾದ್ರೂ ನಿಂತ್ಕಂಡು ನೋಡ್ಬೋದು. ನಿನ್ ಕೆಲ್ಸದಾಗೆ ಬೀಳೋದೇನು?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: “ಗೋಲು ಬೀಳ್ತದೆ ಯಜಮಾನ್ರೆ. ನಮ್ಮುಡ್ಗುನೇ ಒಡೆಯೋದು.”

ಅಪ್ಪನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಹೇಳಿದವನೇ ಎಲೆಯಡಿಕೆ ತಟ್ಟೆ ಹುಡುಕುವವನಂತೆ ಒಳಗೆ ಎದ್ದುಹೋದ. ನಾನು ನೆಲ ನೋಡುತ್ತ ಕೂತೆ. ಇಲ್ಲ ಎನ್ನುವಂತಿಲ್ಲ, ಹೌದು ಎನ್ನುವಂತಿಲ್ಲ.

“ಅಂಗಾದ್ರೆ ಸರಿ,” ಎಂದರು ಯಜಮಾನರು. “ಮನೆ ನೋಡಿದ್ದಾಯ್ತು, ಜಮೀನು ನೋಡಿದ್ದಾಯ್ತು. ಕೆಲ್ಸಾನೂ ಒಂದ್ಸಲ ನೋಡ್ಬುಡ್ತೀವಿ. ಆಮೇಲೆ ಮಾತು.”

ಗ್ರಹಚಾರಕ್ಕೆ ಅದೇ ತಿಂಗಳು ಪಾಂಡವಪುರದ ಯುವಕರ ಸಂಘದವರು ನಮ್ಮ ತಂಡವನ್ನು ಒಂದು ಪ್ರದರ್ಶನ ಪಂದ್ಯಕ್ಕೆ ಕರೆದಿದ್ದರು. ಎದುರಿಗೆ ಜಿಲ್ಲೆಯ ಆಯ್ದ ಹುಡುಗರ ತಂಡ. ಅಪ್ಪ ಆ ದಿನವನ್ನೇ ಹೇಳಿಬಿಟ್ಟ. ಮದುವೆ ಆಗುವುದೂ ಬಿಡುವುದೂ ಆ ಪಂದ್ಯದ ಮೇಲೆ ನಿಂತಿತು. ಕಲ್ಕತ್ತೆಯಲ್ಲಿ ಆಡುವಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಸಂಕ್ರಾಂತಿ ಕಳೆದಿತ್ತು. ಕಬ್ಬು ಕಟಾವಿನ ಕಾಲ. ಆ ಮಧ್ಯಾಹ್ನ ಮೈದಾನದ ಪಕ್ಕ ನಮ್ಮೂರಿನ ಟ್ರಾಕ್ಟರುಗಳು ಸಾಲಾಗಿ ನಿಂತದ್ದು ನೋಡಿ ಓಡಿಹೋಗಬೇಕೆನಿಸಿತು. ಟ್ರೇಲರಿನಲ್ಲಿ ಕಬ್ಬಿನ ಬದಲು ಜನ. ಗೋಲಿನ ಕಂಬಗಳಿಗೆ ಬಲೆ ಇಲ್ಲವೆಂದು ಶ್ರೀರಂಗಪಟ್ಟಣದಿಂದ ಯಾರೋ ಮೀನಿನ ಬಲೆ ತಂದು ಕಟ್ಟಿದ್ದರು, ಹತ್ತಿರ ಹೋದರೆ ವಾಸನೆ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿ ಮಿಲ್ಲಿನ ಯಜಮಾನರನ್ನೂ ಅವರ ಕಡೆಯ ಹಿರಿಯರನ್ನೂ ಕೂರಿಸಿದ್ದರು. ಪಕ್ಕದಲ್ಲಿ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಕರ್ಚೀಫು.

ನಮ್ಮ ನಾಯಕನಿಗೆ ವಿಷಯ ಗೊತ್ತಿತ್ತು. ‘ಇವತ್ತು ಒಂದು ಹೊಡಿ ಗುರುವೇ’ ಎಂದು ಬೆನ್ನು ತಟ್ಟಿದ. ನಾನೂ ಹೊಡೆಯಬೇಕೆಂದೇ ಇಳಿದೆ. ಆದರೆ ಇಷ್ಟು ವರ್ಷ ಒಂದೇ ಕೆಲಸ ಕಲಿತ ಕಾಲು ಮಾತು ಕೇಳಲಿಲ್ಲ. ಚೆಂಡು ಬಂದ ಕೂಡಲೇ ಎಡಗಡೆ ಓಡುತ್ತಿರುವವನು ಕಾಣುತ್ತಿದ್ದ, ಕೊಟ್ಟುಬಿಡುತ್ತಿದ್ದೆ. ಬಲಗಡೆಯವನು ಕಾಣುತ್ತಿದ್ದ, ಕೊಟ್ಟುಬಿಡುತ್ತಿದ್ದೆ. ಒಂದು ಸಲ ಎದುರಿಗೆ ಯಾರೂ ಇರಲಿಲ್ಲ, ಗೋಲು ಕಾಯುವ ಗೋಲಿಯೊಬ್ಬನೇ. ಆಗಲೂ ಪಕ್ಕಕ್ಕೆ ತಳ್ಳಿದೆ, ನಮ್ಮ ಮುಂದಿನ ಸಾಲಿನವನು ಹೊಡೆದು ಗೋಲು ಮಾಡಿದ. ಟ್ರೇಲರುಗಳಿಂದ ಕೂಗು ಬಂತು.

“ಒಡೀಲಾ! ಯಾರ್ಗ್ಲಾ ಕೊಡ್ತಿದ್ದೀಯ?”

“ಅವ್ನೇನ್ ನಿನ್ ಭಾವಮೈದ್ನೇನ್ಲಾ!”

ಇಡೀ ಮೈದಾನ ನಕ್ಕಿತು. ನಮ್ಮ ತಂಡ ಮೇಲಿಂದ ಮೇಲೆ ಗೋಲು ಹೊಡೆಯುತ್ತಿತ್ತು. ಪ್ರತಿಯೊಂದರ ಹಿಂದೆಯೂ ನನ್ನ ಕಾಲಿತ್ತು. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಆಡಲಿಲ್ಲ ಎಂದರೂ ನಡೆದೀತು. ಆದರೆ ನೋಡುವವರ ಪಾಲಿಗೆ ನಾನು ಚೆಂಡು ಕಂಡರೆ ಹೆದರಿ ಇನ್ನೊಬ್ಬರಿಗೆ ದಾಟಿಸುವವನು. ಶಾಮಿಯಾನದ ಕಡೆ ನೋಡುವ ಧೈರ್ಯವಾಗಲಿಲ್ಲ. ಎದುರಿನ ಗೋಲಿ ಬೇರೆ ನನ್ನನ್ನೇ ನೋಡುತ್ತಿದ್ದ. ಅವನು ನಮ್ಮ ಕಡೆಯ ಕಬ್ಬನ್ನು ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಸಾಗಿಸುವ ಲಾರಿಯ ಡ್ರೈವರು, ನಮ್ಮ ಮನೆಗೆ ಬಂದು ಹೋಗುತ್ತಿದ್ದವನು, ಒಳ್ಳೆಯ ಗೋಲಿ. ನಾನು ಹತ್ತಿರ ಬಂದಾಗಲೆಲ್ಲ ‘ಬನ್ನಿ ಅಣ್ಣ, ಬನ್ನಿ’ ಎನ್ನುತ್ತಿದ್ದ. ಗೇಲಿ ಮಾಡುತ್ತಿದ್ದಾನೆ ಎಂದು ಮೈ ಉರಿಯಿತು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿತ್ತು. ಅರ್ಧ ಮೈದಾನದ ಗೆರೆಯ ಹತ್ತಿರ ಚೆಂಡು ಸಿಕ್ಕಿತು. ಬಲತುದಿಯಲ್ಲಿ ನಮ್ಮವನು ಓಡುತ್ತಿದ್ದ. ಅವನ ಮುಂದಕ್ಕೆ ಉದ್ದವಾಗಿ ಕೊಟ್ಟೆ. ಸುಸ್ತಾಗಿತ್ತೋ ಏನೋ, ಕಾಲು ಸರಿಯಾಗಿ ಕೂರಲಿಲ್ಲ. ಚೆಂಡು ಅವನ ಕಡೆ ಹೋಗದೆ ನೆಲದ ಮೇಲೆ ಪುಟಿಯುತ್ತ, ಯಾರಿಗೂ ಬೇಡವಾದಂತೆ, ಸೀದಾ ಗೋಲಿಯ ಕಡೆ ಉರುಳಿತು. ಛೆ ಎಂದುಕೊಂಡು ಹಿಂದಕ್ಕೆ ತಿರುಗಿದೆ. ಮಗು ಕೂಡ ಹಿಡಿಯಬಹುದಾದ ಚೆಂಡು.

ಬೆನ್ನ ಹಿಂದೆ ಗದ್ದಲ ಎದ್ದಿತು. ತಿರುಗಿ ನೋಡಿದರೆ ಗೋಲಿ ಬಗ್ಗಿಕೊಂಡೇ ಇದ್ದಾನೆ, ಚೆಂಡು ಅವನ ಎರಡು ಕಾಲಿನ ನಡುವೆ ನುಸುಳಿ ಮೀನಿನ ಬಲೆಯಲ್ಲಿ ಕೂತಿದೆ.

ಟ್ರಾಕ್ಟರುಗಳ ಹಾರನ್ನುಗಳು ಒಟ್ಟಿಗೆ ಕೂಗಿದವು. ನಮ್ಮೂರಿನವರು ಮೈದಾನಕ್ಕೆ ನುಗ್ಗಿ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ‘ಅಲ್ಲಿಂದ ಒಡೆದ್ನಲ್ಲಾ! ಅಷ್ಟು ದೂರದಿಂದ!’ ಬಲತುದಿಯ ನಮ್ಮವನು ಎರಡು ಕೈ ಅಗಲಿಸಿ ನನ್ನನ್ನೇ ನೋಡುತ್ತ ನಿಂತಿದ್ದ. ನನಗೆ ಕೊಟ್ಟಿದ್ದಲ್ಲವೇನಯ್ಯಾ ಎನ್ನುವಂತಿತ್ತು ಅವನ ಮುಖ. ಹೆಗಲ ಮೇಲಿದ್ದವನು ಏನು ಮಾಡಬೇಕೋ ತಿಳಿಯದೆ ಒಂದು ಕೈ ಮೇಲೆತ್ತಿದೆ. ಶಾಮಿಯಾನದ ಕೆಳಗೆ ಅಪ್ಪ ನಿಂತುಕೊಂಡು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದೇ ಗೊತ್ತಾಗಲಿಲ್ಲ.

ಅವತ್ತೇ ಸಂಜೆ ಎಲೆಯಡಿಕೆ ಹಾಕಿಕೊಂಡು ಮಿಲ್ಲಿನ ಯಜಮಾನರು ಮಾತು ಕೊಟ್ಟರು. ‘ಕೆಲ್ಸ ನೋಡಿದ್ದಾಯ್ತು’ ಎಂದಷ್ಟೇ ಹೇಳಿದರು. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಕೆಳಗೆ ಮುಳ್ಳೊಂದು ಮುರಿದುಕೊಂಡಂತಿತ್ತು. ಅದು ಪಾಸು, ಗೋಲಿ ಪಾಪ ಕೈಜಾರಿ ಬಿಟ್ಟುಕೊಂಡ ಎಂದು ಯಾರಿಗೆ ಹೇಳಲಿ? ತಂಡದವರು ವಾರವೆಲ್ಲ ಆಡಿಕೊಂಡರು. ಊರಿನಲ್ಲಿ ಅಪ್ಪ ಟೀ ಹೋಟೆಲಿನ ಮುಂದೆ ಪಂಚೆ ಎತ್ತಿ ಕಟ್ಟಿ, ನಾನು ಹೇಗೆ ಹೊಡೆದೆನೆಂದು ಕಾಲು ಬೀಸಿ ತೋರಿಸುತ್ತಿದ್ದ. ಒಂದೊಂದು ಸಲಕ್ಕೂ ದೂರ ಹೆಚ್ಚಾಗುತ್ತಿತ್ತು. ನಾನು ಪಕ್ಕದಲ್ಲಿದ್ದರೆ ‘ಅಲ್ವೇನ್ಲಾ?’ ಎಂದು ಕೇಳುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಮತ್ತೆ ಕೊಟ್ಟಿಗೆ ಕಡೆ ನಡೆಯುತ್ತಿದ್ದೆ. ಮೊದಲು ಗೋಲು ಹೊಡೆಯುವುದಿಲ್ಲವೆಂದು ನಾಚಿಕೆ, ಈಗ ಹೊಡೆದೆನೆಂದು ನಾಚಿಕೆ. ಹಸುಗಳಿಗೆ ಮಾತ್ರ ಒಳ್ಳೆಯ ಮೇವು ಸಿಕ್ಕಿತು.

ಮದುವೆ ನಾಗಮಂಗಲದ ಛತ್ರದಲ್ಲಿ. ಹಿಂದಿನ ಸಂಜೆ ಆರತಕ್ಷತೆ. ಕೋಟು ಹಾಕಿಕೊಂಡು ಬೆವರುತ್ತ ನಿಂತಿದ್ದೆ, ಪಕ್ಕದಲ್ಲಿ ಅವಳು. ಜನ ಸಾಲಾಗಿ ಬಂದು ಕೈಕುಲುಕಿ ಉಡುಗೊರೆ ಕೊಟ್ಟು ಹೋಗುತ್ತಿದ್ದರು. ಸಾಲಿನಲ್ಲಿ ಆ ಗೋಲಿಯೂ ಇದ್ದ, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ. ನೋಡಿ ಕರುಳು ಚುರುಕ್ಕೆಂದಿತು. ಎಲ್ಲರ ಎದುರು ಮರ್ಯಾದೆ ಕಳೆದುಕೊಂಡವನು ನನ್ನ ಮದುವೆಗೆ ಬಂದಿದ್ದಾನೆ. ಅವನು ಹತ್ತಿರ ಬಂದಾಗ ಕೈ ಹಿಡಿದು ಸಮಾಧಾನ ಹೇಳಿದೆ.

“ಅವತ್ತಿಂದು ಮನ್ಸಿಗೆ ಅಚ್ಕಬೇಡ ಕಣಪ್ಪ. ಎಂಥೆಂಥಾ ಗೋಲಿಗಳ್ಗೂ ಅಂಗೆ ಕೈಜಾರ್ತದೆ.”

ಅವನ ಮುಖ ಕೆಂಪಾಯಿತು. “ಕೈಜಾರೋದಾ? ನನ್ಗಾ?” ಎಂದ. ಹಿಂದಿನವರನ್ನು ನೋಡಿ ದನಿ ತಗ್ಗಿಸಿದ. “ಅಣ್ಣ, ತಪ್ಪು ತಿಳ್ಕಬ್ಯಾಡಿ. ಅವತ್ತು ಬೆಳಿಗ್ಗೆನೇ ನಿಮ್ಮಪ್ಪಾರು ಪಾಂಡವಪುರುಕ್ಕೆ ಬಂದು ನನ್ ಲಾರಿತಾವ ನಿಂತಿದ್ರು. ಕೈ ಮುಗುದ್ರು ಅಣ್ಣ, ನನ್ಗೆ! ಒಂದೇ ಒಂದು ಬುಟ್ಬುಡಪ್ಪ, ನಮ್ಮುಡ್ಗನ್ ಮದ್ವೆ ನಿನ್ ಕೈಯಾಗೈತೆ, ಅವ್ನಿಗೆ ಗೊತ್ತಾಗ್ಬಾರ್ದು ಅಂದ್ರು. ಆಯ್ತು ಯಜಮಾನ್ರೆ, ಅವ್ರು ಒಡೆದ್ರೆ ಬುಡ್ತೀನಿ ಅಂದೆ. ನೀವು ಒಡೀನೇ ಇಲ್ವಲ್ಲ! ಆಟ ಪೂರ್ತಿ ಕಾಯ್ದೆ. ಬನ್ನಿ ಬನ್ನಿ ಅಂತ ಕರುದೆ. ಒತ್ತು ಮುಗೀತಾ ಬಂತು. ಇನ್ನೇನ್ ಮಾಡ್ಲಿ, ನೀವು ಪಾಸ್ ಕೊಟ್ಟುದ್ನೇ ಬುಟ್ಕಂಡೆ.”

ಹೇಳಿದವನೇ ನಾಲಿಗೆ ಕಚ್ಚಿಕೊಂಡು ಊಟದ ಮನೆ ಕಡೆ ನಡೆದುಬಿಟ್ಟ. ಗಡಿಯಾರ ನನ್ನ ಕೈಯಲ್ಲಿತ್ತು. ಬೇರೆಯವರ ಮನೆ ಬಾಗಿಲಲ್ಲಿ ನಿಂತು ಒಂದು ಹಿಡಿ ಉಪ್ಪನ್ನೂ ಕೇಳದ ಮನುಷ್ಯ ಅಪ್ಪ. ಅವನು ಲಾರಿಯ ಪಕ್ಕ ಕೈ ಜೋಡಿಸಿ ನಿಂತದ್ದು ಕಣ್ಣಿಗೆ ಕಟ್ಟಿತು. ನನ್ನ ಕೆಲಸ ಕೆಲಸದಂತೆ ಕಾಣಲಿ ಎಂದು ನಿಂತಿದ್ದ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಈಗ ಏನು ಹೇಳುವುದು? ಸುಳ್ಳು ಗೋಲು ತೋರಿಸಿ ಕಟ್ಟಿಕೊಳ್ಳುತ್ತಿದ್ದೇನೆ ಎಂದೇ?

ಅವಳೇ ಮಾತಾಡಿದಳು, ಜನರ ಕಡೆ ನಗುತ್ತಲೇ, ತುಟಿ ಹೆಚ್ಚು ಅಲ್ಲಾಡಿಸದೆ. “ನಮ್ಮಪ್ಪಂಗೆ ಅವತ್ತೇ ಗೊತ್ತಾಗಿತ್ತು.”

“ಏನು?”

“ನಿಮ್ಮಪ್ಪಾರು ಪಕ್ಕದಾಗೇ ಕೂತಿದ್ರಂತಲ್ಲ. ಚೆಂಡು ಇನ್ನೂ ಆ ಗೋಲಿತಾವ್ಕೆ ಬಂದೇ ಇರ್ನಿಲ್ವಂತೆ. ಅಷ್ಟರಲ್ಲೇ ಎದ್ದು ನಿಂತ್ಕಂಡು ಚಪ್ಪಾಳೆ ಒಡೆದ್ಬುಟ್ರಂತೆ.”

“ಮತ್ತೆ ಯಾಕ್ ಒಪ್ಕಂಡ್ರು?”

“ನಾನೂ ಕೇಳ್ದೆ. ಉಡ್ಗುನ್ ಕೆಲ್ಸ ಏನು ಅಂತ ನಂಗಿನ್ನೂ ಅರ್ಥ ಆಗ್ನಿಲ್ಲ ಕಣವ್ವ, ಅವ್ರಪ್ಪ ಎಂಥೋರು ಅಂತ ಅರ್ಥ ಆಯ್ತು, ಅಂದ್ರು.”

ಮುಂದಿನವರು ಬಂದು ಕೈ ಚಾಚಿದರು. ಕುಲುಕಿದೆ. ಯಾರೆಂದು ನೋಡಲಿಲ್ಲ. ಊಟದ ಮನೆಯ ಬಾಗಿಲಲ್ಲಿ ಅಪ್ಪ ಯಾರೋ ನಾಲ್ಕು ಜನರನ್ನು ನಿಲ್ಲಿಸಿಕೊಂಡು ಕಾಲು ಬೀಸಿ ತೋರಿಸುತ್ತಿದ್ದ. ಗೋಲಿ ಅವನ ಪಕ್ಕದಿಂದಲೇ ತಲೆ ತಗ್ಗಿಸಿ ಒಳಗೆ ಹೊರಟ. ಅಪ್ಪ ಅವನ ಭುಜ ಹಿಡಿದು ಏನೋ ಹೇಳಿ, ಒಳ್ಳೆಯ ಜಾಗ ನೋಡಿ ಕೂರಿಸುವಂತೆ ಬಡಿಸುವವರಿಗೆ ಕೂಗಿದ. ನೋಡಲಾಗಲಿಲ್ಲ. ಕಣ್ಣು ನೆಲಕ್ಕೆ ಇಳಿಯಿತು, ಮತ್ತೆ ಏಳಲಿಲ್ಲ. ನನ್ನ ಸಲುವಾಗಿ ಅಪ್ಪ ಇಷ್ಟು ಸಣ್ಣವನಾದನಲ್ಲ ಎನ್ನುವುದೊಂದೇ ಮನಸ್ಸಿನಲ್ಲಿತ್ತು. ಅದು ಅವಳ ಮನೆಯವರಿಗೆಲ್ಲ ಗೊತ್ತು ಎನ್ನುವುದೇ ಅವನಿಗೆ ಗೊತ್ತಿಲ್ಲ.

ಫೋಟೋದವನು ಗಂಡಿನ ಮನೆಯವರನ್ನು ಕರೆದ. ಅಮ್ಮ ಬಂದು ಅವಳ ಪಕ್ಕ ನಿಂತಳು. ಅಪ್ಪ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತ. ‘ಗಂಡು ಸ್ವಲ್ಪ ಮೇಲೆ ನೋಡ್ಬೇಕು’ ಎಂದು ಫೋಟೋದವನು ಎರಡು ಸಲ ಹೇಳಿದ. ಆಗಲಿಲ್ಲ. ಅಪ್ಪ ನನ್ನ ಮೊಣಕೈ ಹಿಡಿದು, ನನಗೆ ಮಾತ್ರ ಕೇಳುವಂತೆ ಹೇಳಿದ:

“ತಲೆ ಎತ್ಲಾ ಮಗ. ಅಷ್ಟು ದೂರದಿಂದ ಗೋಲ್ ಒಡೆದೋನು ಇಂಗೇನ್ಲಾ ನಿಂತ್ಕಳೋದು?”

ನಾನು ತಲೆ ಎತ್ತಿದೆ. ಅಪ್ಪ ಶರಟಿನ ಕಾಲರು ಸರಿಮಾಡಿಕೊಂಡು ನೆಟ್ಟಗೆ ನಿಂತ.